ಮೂಟೆ ಸಂಘದ ಗೋಡೆ

“ಮೊದಲು ಅಕ್ಕ ಹೊರಗೆ ಬರಲಿ, ಆಮೇಲೆ ನಿನ್ನ ಅಕ್ಕಿ ಒಳಗೆ ಹೋಗಲಿ!” ಎಂದು ಪಟಾಕಿ ಲಾರಿಯವನ ಎದುರು ಎರಡೂ ತೋಳು ಅಗಲಿಸಿ ನಿಂತಳು.

ಲಾರಿಯವನ ಬೆನ್ನ ಮೇಲೆ ಆಗಲೇ ಒಂದು ಮೂಟೆ ಏರಿಬಿಟ್ಟಿತ್ತು. ಒಳಗಿನಿಂದ ನಾಲ್ವರು ಹೆಗಲು ಕೊಟ್ಟು ಎತ್ತಿದ ಹೆಣವೂ ಹೊಸ್ತಿಲಿಗೆ ಬಂದುಬಿಟ್ಟಿತ್ತು. ಬಾಗಿಲು ಒಂದೇ, ಅದೂ ಒಬ್ಬರು ಬಂದರೆ ಇನ್ನೊಬ್ಬರು ಪಕ್ಕಕ್ಕೆ ಸರಿಯಬೇಕಾದಂಥ ಬಾಗಿಲು. ಹೊತ್ತವರು ಹೊತ್ತವನ ಮುಖ ನೋಡಿದರು. ಆ ಕಡೆಯೂ ಭಾರ, ಈ ಕಡೆಯೂ ಭಾರ.

“ಅಮ್ಮಾ, ನನಗೇನು ಗೊತ್ತು? ಇವತ್ತಿಗೆ ಅಂತ ಆರ್ಡರ್ ಕೊಟ್ಟಿದ್ರು, ತಂದೆ. ಇನ್ನೂ ಬೇರೆ ಕಡೆ ಇಳಿಸೋದಿದೆ.”

“ಆರ್ಡರ್ ಕೊಟ್ಟೋರು ಯಾರಪ್ಪ?”

“ಅದೇ, ಮೂಟೆಯಕ್ಕ ಅಂತಾರಲ್ಲ, ಅವರು.”

“ಹಾಗಾದ್ರೆ ಅವರನ್ನೇ ಕೇಳು. ಬರ್ತಾ ಇದಾರೆ ನೋಡು.”

ಲಾರಿಯವನು ಬಗ್ಗಿದ ಬೆನ್ನಲ್ಲೇ ಕತ್ತೆತ್ತಿದ. ಹೂವಿನ ನಡುವೆ ಮುಖ ಕಂಡಿತು. ಮೂಟೆಯನ್ನು ಮೆಟ್ಟಿಲ ಪಕ್ಕಕ್ಕೆ ಜಾರಿಸಿ, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. “ಅಯ್ಯಯ್ಯೋ! ಹೋದ ಸಲ ಮೂಟೆ ಹೊಲಿಗೆ ಬಿಚ್ಚಿದೆ ಅಂತ ಬಾಯಿಗೆ ಬಂದ ಹಾಗೆ ಬೈದು, ಆಮೇಲೆ ಕರೆದು ಟೀ ಕೊಟ್ಟಿದ್ರು ಕಣಮ್ಮ.”

“ಹೂಂ. ಬೈಯದೆ ಟೀ ಕೊಟ್ಟಿದ್ದನ್ನ ನಾವ್ಯಾರೂ ನೋಡಿಲ್ಲ,” ಎಂದಳು ಪಟಾಕಿ.

ಪಟಾಕಿ ಎಂಬುದು ಬೀದಿ ಇಟ್ಟ ಹೆಸರು. ಬೀದಿಯ ತುದಿಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡು ಕಂಡವರ ಬಟ್ಟೆಗೆ ಇಸ್ತ್ರಿ ಹಾಕುವ ಹೆಂಗಸು ಅವಳು. ಕೈಯಲ್ಲಿ ಕೆಂಡ, ಬಾಯಲ್ಲೂ ಕೆಂಡ. ಇವತ್ತು ಆ ಬಾಯಿಗೆ ಅಂಗೈ ಒತ್ತಿಕೊಂಡು ಪಕ್ಕಕ್ಕೆ ಸರಿದಳು. ಮೂಟೆಯಕ್ಕ ತನ್ನ ಮನೆಯ ಬಾಗಿಲು ದಾಟಿ ಹೊರಬಂದಳು.

ಹಿಂದೆಯೇ ಪೇಂಟರ್ ಬಂದ, ಸತ್ತವಳ ಗಂಡ. ಒಂದು ಕಾಲದಲ್ಲಿ ಊರಿನ ಅಂಗಡಿಗಳ ಹಣೆಯ ಮೇಲೆಲ್ಲ ಅವನದೇ ಅಕ್ಷರ. ಆಮೇಲೆ ಫ್ಲೆಕ್ಸ್ ಬಂತು. ಅವನು ವಾರವಿಡೀ ಬರೆಯುತ್ತಿದ್ದುದನ್ನು ಯಂತ್ರ ಟೀ ಕುಡಿಯುವಷ್ಟರಲ್ಲಿ ಉಗುಳತೊಡಗಿತು. ಕುಂಚಗಳು ಡಬ್ಬದಲ್ಲೇ ಒಣಗಿ ಕಡ್ಡಿಯಾದವು, ಕಸುಬಿನ ಹೆಸರು ಮಾತ್ರ ಮೈಗೆ ಅಂಟಿಕೊಂಡಿತು. ನಿನ್ನೆ ಮಧ್ಯಾಹ್ನದಿಂದ ಅವನ ಕಣ್ಣಿಗೆ ಯಾವುದೂ ನೆಲದ ಮೇಲೆ ಸರಿಯಾಗಿ ನಿಂತಂತೆ ಕಾಣುತ್ತಿರಲಿಲ್ಲ. “ಸ್ವಲ್ಪ ಅಡ್ಡಾಗ್ತೀನಿ ರೀ” ಎಂದು ಚಾಪೆಯ ಮೇಲೆ ಒರಗಿದವಳು ಸಂಜೆಯ ಟೀಗೆ ಏಳಲಿಲ್ಲ. ಅಷ್ಟೇ ನಡೆದದ್ದು. ಅದಾದ ಮೇಲೆ ಜನ ಬಂದರು, ಹೋದರು, ಅತ್ತರು, ಯಾರೋ ಬೆಂಚು ತಂದರು. ಎಲ್ಲವೂ ನೀರಿನೊಳಗೆ ನಡೆದ ಹಾಗಿತ್ತು. ಈಗ ಲಾರಿಯ ಮೇಲೆ ಮೂಟೆಗಳು ಸಾಲಾಗಿ ಕೂತಿದ್ದವು. ಬಿಳಿ ಬಟ್ಟೆ ಉಟ್ಟು, ದೂರದಿಂದ ಬಂದು, ಯಾರನ್ನು ಮಾತಾಡಿಸಬೇಕೋ ತಿಳಿಯದ ನೆಂಟರ ಹಾಗೆ. ‘ಬಂದ್ರಾ’ ಎಂದು ಪೇಂಟರ್ ಮನಸ್ಸಿನಲ್ಲೇ ಅವನ್ನು ಮಾತಾಡಿಸಿದ.

ಹೆಗಲು ಕೊಟ್ಟವರಲ್ಲಿ ಮುಂದೆ ಎಡಕ್ಕಿದ್ದವನು ವಾಚ್‌ಮನ್. ಗೋದಾಮಿನ ಗೇಟು ಕಾಯುವವನು. ಖಾಕಿ ಅಂಗಿ, ಟೋಪಿ, ಕಿರುಗುಟ್ಟುವ ಬೂಟು. “ಡ್ಯೂಟಿಗೆ ಹೊರಟಿದ್ದೆ ಅಣ್ಣ, ಸುದ್ದಿ ಕೇಳಿ ರಜ ಹಾಕಿ ಬಂದೆ” ಎಂದು ಬೆಳಿಗ್ಗೆ ಪೇಂಟರನ ಕೈ ಹಿಡಿದುಕೊಂಡಿದ್ದ. ಆ ಕೈ ತಣ್ಣಗಿತ್ತು.

ಸ್ಮಶಾನದ ದಾರಿ ಆ ಗೋದಾಮಿನ ಉದ್ದನೆಯ ಗೋಡೆಯ ಪಕ್ಕದಲ್ಲೇ ಹೋಗುತ್ತದೆ. ಗೋಡೆಯ ಆಚೆ ಬೆಟ್ಟದಂತೆ ಪೇರಿಸಿಟ್ಟ ಧಾನ್ಯ. ಅದರ ವಾಸನೆ ರಸ್ತೆಗೂ ಬರುತ್ತಿತ್ತು. ಗೇಟಿನ ಮುಂದೆ ಬಂದಾಗ ಪಕ್ಕದ ಹೆಗಲಿನ ಬಸ್ ಕಂಡಕ್ಟರ್ ಮೆಲ್ಲಗೆ ಕೇಳಿದ:

“ಏನಪ್ಪ, ಗೇಟಲ್ಲಿ ಯಾರೂ ಇಲ್ಲ? ನೀನು ಬಂದುಬಿಟ್ರೆ ನಿನ್ನ ಗೋದಾಮು ಅನಾಥ ಅನ್ನು.”

“ಬದಲಿಯವನು ಇದಾನೆ ಬಿಡಣ್ಣ. ಒಳಗೆಲ್ಲೋ ಹೋಗಿರ್ತಾನೆ,” ಎಂದ ವಾಚ್‌ಮನ್, ತಲೆ ಎತ್ತದೆ.

ಬದಲಿಯವನು ಕಂಬದ ಮೇಲಿದ್ದ. ಕಪ್ಪು ಗಾಜಿನ ಒಂಟಿಕಣ್ಣು ಮೆಲ್ಲಗೆ ಕತ್ತು ತಿರುಗಿಸಿ ಹೆಣವನ್ನೂ, ಹೊತ್ತವರನ್ನೂ, ಹಿಂದೆ ಬರುತ್ತಿದ್ದವರನ್ನೂ ಒಂದೇ ಸಮನೆ ನೋಡಿತು. ಅದಕ್ಕೆ ಸಂಬಳ ಬೇಡ, ರಜ ಬೇಡ, ಅದು ಹಸಿದು ಮೂಟೆಯ ಕಡೆ ಆಸೆಗಣ್ಣು ಹಾಯಿಸುವುದಿಲ್ಲ. ಅಂಥ ನೌಕರ ಸಿಕ್ಕ ಮೇಲೆ ಹೊಟ್ಟೆಯಿರುವ ನೌಕರನನ್ನು ಯಾವ ಧಣಿ ಇಟ್ಟುಕೊಂಡಾನು? ಬೀದಿಯಲ್ಲಿ ಈ ವಿಷಯ ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬಳು ಮುಂದೆ ಹೆಗಲ ಮೇಲೆ ಹೋಗುತ್ತಿದ್ದಳು. ಇನ್ನೊಬ್ಬ ಹಿಂದೆ ಬರಿಗಾಲಲ್ಲಿ ನಡೆಯುತ್ತಿದ್ದ.

*

ಮೂಟೆಯಕ್ಕ ಬೇಳೆ ಪೊಟ್ಟಣ ಕಟ್ಟುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಒಂದು ಕಡೆಯಿಂದ ಮೂಟೆ ಬರುತ್ತಿತ್ತು, ಇನ್ನೊಂದು ಕಡೆಯಿಂದ ಪೊಟ್ಟಣ ಹೋಗುತ್ತಿತ್ತು, ನಡುವೆ ಅವಳ ಕೈ. ಪೊಟ್ಟಣದ ಮೇಲೆ ಹಲ್ಲುಬಿಟ್ಟು ನಗುವ ಹೆಂಗಸಿನ ಚಿತ್ರ. ದಿನವೆಲ್ಲ ತಾನೇ ತುಂಬಿಸಿದ್ದನ್ನು ಸಂಜೆ ಬರುವಾಗ ಮೂಲೆಯಂಗಡಿಯಲ್ಲಿ ತಾನೇ ದುಡ್ಡು ಕೊಟ್ಟು ಬಿಡಿಸಿಕೊಂಡು ಬರುತ್ತಿದ್ದಳು.

ಒಂದು ಸಂಜೆ ಆ ಪೊಟ್ಟಣವನ್ನು ಗಂಡನ ಮುಂದೆ ದಪ್ಪನೆ ಎಸೆದಳು.

“ರೀ, ಇದರಲ್ಲಿ ಬೇಳೆ ಎಷ್ಟು, ಈ ನಗೋಳು ಎಷ್ಟು, ಹೇಳಿ ನೋಡೋಣ.”

“ನೀನೇ ತಾನೇ ತುಂಬಿಸಿದ್ದು?”

“ಅದಕ್ಕೇ ಕೇಳ್ತಿರೋದು. ಮೂಟೆ ಕೊಳ್ಳೋನು ಬೇಳೆ ಬೆಲೆ ಕೊಡ್ತಾನೆ. ಪೊಟ್ಟಣ ಕೊಳ್ಳೋನು ಬೇಳೆ ಬೆಲೆ ಮೇಲೆ ಈ ಹಲ್ಲುಕಿರಿಯೋಳ ಬೆಲೆನೂ ಕೊಡ್ತಾನೆ. ಮೂಟೆ ಯಾರು ಕೊಳ್ತಾರೆ? ಇರೋರು. ಪೊಟ್ಟಣ ಯಾರು ಕೊಳ್ತಾರೆ? ನಾವು. ಅಂದ್ರೆ ಇಲ್ಲದೋರು ಜಾಸ್ತಿ ಕೊಡ್ಬೇಕು, ಇರೋರು ಕಮ್ಮಿ ಕೊಡ್ಬೇಕು. ಇದೆಂಥ ಲೆಕ್ಕ ರೀ?”

“ಲೋಕದ ಲೆಕ್ಕ ಕಣೇ.”

“ಹಾಗಾದ್ರೆ ಲೋಕಕ್ಕೆ ಲೆಕ್ಕ ಬರಲ್ಲ.”

ಮಾರನೆಯ ದಿನವೇ ಅವಳು ಮನೆಮನೆಯ ಬಾಗಿಲು ತಟ್ಟಿದಳು. ಒಂದು ಮನೆಗೆ ಮೂಟೆ ಕೊಳ್ಳುವ ತಾಕತ್ತಿಲ್ಲ, ಬೀದಿಗೆ ಇದೆಯಲ್ಲ? ಕೊಟ್ಟವರು ಕೊಟ್ಟಷ್ಟು ಸೇರಿಸಿ ಸಗಟು ಮಂಡಿಯಿಂದ ನೇರವಾಗಿ ಮೂಟೆ ತರಿಸಿದಳು. ಮೂಲೆಯಂಗಡಿಯವನು ಗಲ್ಲಾಪೆಟ್ಟಿಗೆಯ ಮೇಲಿಂದ ನೋಡಿ, “ಏನಮ್ಮ, ಅಂಗಡಿ ಇಡ್ತೀಯಂತೆ?” ಎಂದು ಕೆಣಕಿದ. “ಅಂಗಡಿ ಇಡ್ಬೇಕು ಅಂದ್ರೆ ಹೆಬ್ಬೆರಳನ್ನ ತಕ್ಕಡಿ ಮೇಲಿಡೋದು ಕಲೀಬೇಕಲ್ಲಪ್ಪ, ನನಗೆ ಬರಲ್ಲ” ಎಂದಳು. ಹೀಗೆ ಮೂಟೆ ಸಂಘ ಹುಟ್ಟಿತು. ಬೋರ್ಡು ಬೇಡವೇ ಎಂದು ಪೇಂಟರ್ ಕೇಳಿದ್ದಕ್ಕೆ, “ಬೋರ್ಡು ನೋಡಿದ್ರೆ ಬಾಡಿಗೆ ಕೇಳ್ತಾರೆ” ಎಂದು ಅವನ ಬಾಯಿ ಮುಚ್ಚಿಸಿದಳು.

ಮೊದಲ ಹಂಚಿಕೆಯ ದಿನವೇ ಜಗಳ. ಮುಂದಿನ ಕೋಣೆಯಲ್ಲಿ ಬಿಳಿ ಹಾಸು ಹಾಸಿ, ಪೇಂಟರನ ಹಳೆಯ ಬಣ್ಣದ ಡಬ್ಬವನ್ನು ತಿಕ್ಕಿ ತೊಳೆದು, ಅದರಲ್ಲಿ ಅಳೆದು ಮನೆಗೊಂದು ಗುಡ್ಡೆ ಮಾಡಿದ್ದಳು.

“ಅವಳ ಗುಡ್ಡೆ ದಪ್ಪ ಇದೆ,” ಎಂದಳು ಪಟಾಕಿ.

“ನಿನ್ನ ಕಣ್ಣು ದಪ್ಪ ಇದೆ,” ಎಂದಳು ದರ್ಜಿಯ ಹೆಂಡತಿ.

ಕೈ ಕೈ ಮಿಲಾಯಿಸುವ ಹಂತ ಬಂದಾಗ ಮೂಟೆಯಕ್ಕ ಗಂಡನ ರಟ್ಟೆ ಹಿಡಿದು ಎಳೆದು ತಂದು ಗೋಡೆಗೆ ಮುಖ ಮಾಡಿ ಕೂರಿಸಿದಳು. “ಇವರು ಹೇಗೂ ದಿನವಿಡೀ ಕನಸು ಕಾಣ್ತಾ ಕೂತಿರ್ತಾರೆ. ಆ ಕೆಲಸಾನ ಗೋಡೆ ಕಡೆ ತಿರುಗಿ ಮಾಡ್ಲಿ. ನಾನು ಒಂದು ಗುಡ್ಡೆ ಮುಟ್ಟಿ ‘ಇದು ಯಾರದು’ ಅಂತೀನಿ. ಇವರು ಒಂದು ಮನೆ ಹೆಸರು ಹೇಳ್ತಾರೆ. ಕಾಣದೋರು ಹೇಳಿದ್ದು, ಯಾರ ಜಗಳಾನೂ ಬೇಡ. ಕೊನೇ ಗುಡ್ಡೆ ಎತ್ತೋ ತನಕ ನೀವು ತಿರುಗೋ ಹಾಗಿಲ್ಲ ರೀ, ಕೇಳಿಸ್ತಾ?”

ಕೇಳಿಸಿತ್ತು. ಅಂದಿನಿಂದ ಆ ಗೋಡೆ ಅವನದಾಯಿತು. ಫ್ಲೆಕ್ಸ್ ಕಿತ್ತುಕೊಂಡಿದ್ದೆಲ್ಲ ಅಲ್ಲಿ ವಾಪಸು ಸಿಕ್ಕಿತು. ಸುಣ್ಣದ ಮೇಲಿನ ತೇವದ ಕಲೆ ಒಂದು ಸಲ ಕೆರೆಯಾಗುತ್ತಿತ್ತು, ಇನ್ನೊಂದು ಸಲ ಮಂಜು ಕವಿದ ಪಟ್ಟಣ. ಬಿರುಕಿನ ಗುಂಟ ದೋಣಿಗಳು ಹೋಗುತ್ತಿದ್ದವು. ಅವನು ಕುಂಚವಿಲ್ಲದೆ ಬಣ್ಣ ಹಚ್ಚುತ್ತ, ಹಿಂದಿನಿಂದ ಬರುವ ದನಿಗೆ ದೋಣಿಯೊಳಗಿಂದಲೇ ಉತ್ತರ ಕೊಡುತ್ತಿದ್ದ. “ಇದು ಯಾರದು?” “ಕಂಡಕ್ಟರ್ ಮನೆ.” “ಇದು ಯಾರದು?” “ಇಸ್ತ್ರಿ ಮನೆ.”

ದರ್ಜಿಯ ಹೆಂಡತಿ ಹೆರಿಗೆಯಲ್ಲಿ ಸಾಯುವ ಹಾಗಾಗಿ ಆಸ್ಪತ್ರೆಯಲ್ಲಿದ್ದ ತಿಂಗಳು. ಹಂಚಿಕೆಯ ಹಿಂದಿನ ಸಂಜೆ ತಲೆ ಬಾಚಿಕೊಳ್ಳುತ್ತ ಮೂಟೆಯಕ್ಕ, “ಪಾಪ, ಹೊಲಿಗೆ ಮೆಷಿನ್ನೇ ಮಾರಿದ್ನಂತೆ ಕಣ್ರೀ” ಎಂದು ಗಾಳಿಗೆ ಹೇಳಿದ ಹಾಗೆ ಹೇಳಿದ್ದಳು. ಮಾರನೆಯ ದಿನ ಗೋಡೆಯ ಮುಂದೆ ಕೂತವನಿಗೆ ಒಂದು ಪ್ರಶ್ನೆ ಬೇರೆ ರೀತಿ ಕೇಳಿಸಿತು. “ಇದೂ... ಯಾರದು?” ನಡುವೆ ಒಂದು ಎಳೆತ, ತುಂಬಿದ ಬಿಂದಿಗೆ ಹೊತ್ತವಳು ಮೆಟ್ಟಿಲಲ್ಲಿ ಒಂದು ಕ್ಷಣ ನಿಂತ ಹಾಗೆ. ಅವನು ಯೋಚಿಸಲೇ ಇಲ್ಲ. “ದರ್ಜಿ ಮನೆ” ಎಂದುಬಿಟ್ಟ.

ತಿರುಗಿದಾಗ ಹಾಸು ಖಾಲಿ. ಅಕ್ಕಿಯ ಧೂಳಿನ ಉಂಗುರಗಳಷ್ಟೇ. ಅವನು ಕಂಡದ್ದು ಯಾವಾಗಲೂ ಅಷ್ಟನ್ನೇ.

“ಈ ಸಲ ದರ್ಜಿ ಅದೃಷ್ಟ ಚೆನ್ನಾಗಿತ್ತು ಅನ್ಸುತ್ತೆ,” ಎಂದ.

“ಹೌದಾ? ನಾನು ಗಮನಿಸ್ಲಿಲ್ಲ,” ಎಂದಳು ಅವಳು.

ಗಂಡಹೆಂಡಿರ ನಡುವೆ ಅದರ ಮಾತು ಅಷ್ಟೇ, ಎಂದೆಂದಿಗೂ. ಪ್ರತಿ ತಿಂಗಳೂ ತುಸು ದಪ್ಪನೆಯ ಒಂದು ಗುಡ್ಡೆಯ ಮೇಲೆ ದನಿ ಎಳೆಯುತ್ತಿತ್ತು, ಹಿಂದಿನ ಸಂಜೆ ಬಾಚಣಿಗೆಯ ಜೊತೆ ಬಂದ ಮನೆಯ ಹೆಸರು ಅವನ ಬಾಯಿಂದ ಹೊರಡುತ್ತಿತ್ತು. ಪಡೆದವರು ಯಾರ ಮುಂದೂ ಕೈ ಒಡ್ಡಿದ ಹಾಗಿಲ್ಲ, ಕೊಟ್ಟವರು ಎದೆ ಉಬ್ಬಿಸಿದ ಹಾಗಿಲ್ಲ. ಬಡಬೀದಿಯಲ್ಲಿ ಹಸಿವನ್ನು ಹೇಗೋ ತಡೆದುಕೊಳ್ಳುತ್ತಾರೆ. ಹಸಿದಿದ್ದೇವೆಂದು ಗೊತ್ತಾಗುವುದನ್ನು ತಡೆದುಕೊಳ್ಳಲಾರರು. ಅವಳ ಕೈಚಳಕ ತಮ್ಮಿಬ್ಬರ ಗುಟ್ಟು, ಬೀದಿಗೆ ಅದು ಬರೀ ಅದೃಷ್ಟ ಎಂದು ಪೇಂಟರ್ ನಂಬಿದ್ದ.

ಈ ಸಲ ಹಂಚಿಕೆಗೆ ಇನ್ನೂ ಒಂದು ದಿನವಿರುವಾಗಲೇ, ಮೊನ್ನೆ ಸಂಜೆಯೂ ಅವಳು ತಲೆ ಬಾಚುತ್ತಿದ್ದಳು.

“ಗೋದಾಮಿನ ಕಂಬಕ್ಕೆ ಕ್ಯಾಮೆರಾ ಹಾಕಿದಾರೆ. ವಾಚ್‌ಮನ್ನು ಪಾರ್ಕಲ್ಲಿ ಕೂತಿದ್ದ, ನಡುಮಧ್ಯಾಹ್ನ, ಯೂನಿಫಾರ್ಮಲ್ಲೇ. ನನ್ನ ನೋಡಿ ಬೇರೆ ಕಡೆ ತಿರುಗಿಕೊಂಡ. ಊಟದ ಡಬ್ಬಿ ಪಕ್ಕದಲ್ಲಿ ಇಟ್ಟಿದ್ದ ರೀ. ಗಾಳಿ ಬಂತು ನೋಡಿ, ಉರುಳಿಕೊಂಡು ಹೋಯ್ತು.”

ಊಟ ತುಂಬಿದ ಡಬ್ಬಿ ಗಾಳಿಗೆ ಉರುಳುವುದಿಲ್ಲ. ಅವಳು ಬಾಚಣಿಗೆಯಿಂದ ಕೂದಲು ಬಿಡಿಸಿ, ಬೆರಳಿಗೆ ಸುತ್ತಿ, ಕಿಟಕಿಯಿಂದ ಹೊರಗೆ ಹಾಕಿದಳು.

*

ಮಣ್ಣು ಮಾಡಿ ಬಂದಾಗ ಮುಂದಿನ ಕೋಣೆಯಲ್ಲಿ ಅವಳು ಮಲಗಿದ್ದ ಜಾಗದಲ್ಲಿ ಮೂಟೆಗಳು ಕೂತಿದ್ದವು. ಲಾರಿಯವನು ಯಾರ ಸಹಾಯವೂ ಇಲ್ಲದೆ ಇಳಿಸಿ, ಗೋಡೆಗೆ ಒರಗಿಸಿ, ಕೂಲಿಗೂ ಕಾಯದೆ ಹೊರಟುಹೋಗಿದ್ದ.

ಜನ ಮನೆಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ, ಬಾಗಿಲಲ್ಲಿ, ಕಿಟಕಿಯ ಕೆಳಗೆ ನಿಂತೇ ಇದ್ದರು. ಕೈಯಲ್ಲಿ ಚೀಲ ಹಿಡಿದು ಬಂದವರು ಅದನ್ನು ಕಂಕುಳಲ್ಲಿ ಮಡಚಿ ಅಡಗಿಸಿಕೊಂಡಿದ್ದರು.

ಮಗಳು ಅಪ್ಪನಿಗೆ ನೀರು ತಂದುಕೊಟ್ಟಳು. ಊರಿನ ಆಚೆ ಬದಿಯ ದೊಡ್ಡ ಸ್ಟೋರಿನ ಬಿಲ್ಲಿಂಗ್ ಕೌಂಟರಿನಲ್ಲಿ ಅವಳಿಗೆ ಕೆಲಸ. “ಅಪ್ಪಾ, ಇವರಿಗೆಲ್ಲ ಹೇಳಿಬಿಡು. ಮುಂದಿನ ವಾರ ಬಂದು ತಗೊಂಡು ಹೋಗ್ಲಿ. ಇವತ್ತು ಬೇಡ. ಅಮ್ಮ ಮಲಗಿದ್ದ ಜಾಗ ಅದು.”

“ಮಲಗಿದ್ದ ಜಾಗ ಅಲ್ಲ ಪುಟ್ಟಿ, ಕೂತು ಹಂಚಿದ ಜಾಗ,” ಎಂದಳು ಪಟಾಕಿ ಬಾಗಿಲಿನಿಂದ. “ಮಲಗಿದ್ದು ಒಂದು ರಾತ್ರಿ. ಕೂತಿದ್ದು ನಿನ್ನ ವಯಸ್ಸಿನಷ್ಟು.”

“ಅತ್ತೆ, ಒಂದು ವಾರ ತಡೆಯೋಕಾಗಲ್ವಾ? ನಮ್ಮ ಸ್ಟೋರಲ್ಲಿ ಆಫರ್ ನಡೀತಿದೆ, ಎರಡು ತಗೊಂಡ್ರೆ ಒಂದು ಫ್ರೀ. ನಾನೇ ಹೇಳಿ ಕೊಡಿಸ್ತೀನಿ.”

“ಎರಡು ತಗೊಳ್ಳೋಕೆ ದುಡ್ಡಿದ್ದಿದ್ರೆ ನಮಗೆ ಫ್ರೀ ಯಾಕೆ ಬೇಕಿತ್ತೇ?”

ಮಗಳಿಗೆ ನಗು ಬಂತು. ನಗು ಬಂದದ್ದಕ್ಕೇ ಅಳು ಬಂತು. “ಅಮ್ಮನೂ ಇದನ್ನೇ ಅಂತಿದ್ಲು,” ಎಂದು ತೋಳಿನಿಂದ ಮೂಗು ಒರೆಸಿಕೊಂಡಳು.

“ನಾಚಿಕೆ ಬಿಟ್ಟು ಹೇಳ್ತೀನಿ ಕೇಳು. ಹೋದ ತಿಂಗಳ ಅಕ್ಕಿ ಮೊನ್ನೆನೇ ತಳ ಕಂಡಿದೆ, ನಮ್ಮನೇಲೂ, ಇಲ್ಲಿ ನಿಂತಿರೋ ಮುಕ್ಕಾಲು ಜನದ ಮನೇಲೂ. ಇವತ್ತು ಹಂಚದೆ ಹೋದ್ರೆ ನಾಳೆ ಎಲ್ಲರೂ ಮೂಲೆಯಂಗಡಿ ಮುಂದೆ ನಿಲ್ತೀವಿ. ನಿಂತೋರು ಅಲ್ಲೇ ನಿಲ್ತೀವಿ. ನಿಮ್ಮಮ್ಮನ್ನ ಬೆಳಿಗ್ಗೆ ಮಣ್ಣು ಮಾಡಿದ್ವಿ. ಸಂಘಾನೂ ಇವತ್ತೇ ಮಣ್ಣು ಮಾಡೋದಾ?”

ಮಗಳು ಅಪ್ಪನನ್ನು ನೋಡಿದಳು. ಅಪ್ಪ ವಾಚ್‌ಮನ್‌ನನ್ನು ನೋಡುತ್ತಿದ್ದ. ಅವನು ಮೂಲೆಯಲ್ಲಿ ನೆಟ್ಟಗೆ ನಿಂತಿದ್ದ, ಇಲ್ಲೂ ಏನನ್ನೋ ಕಾಯುತ್ತಿರುವವನ ಹಾಗೆ. ಮೂಟೆಯ ಬಾಯಿಂದ ಉದುರಿದ ಒಂದಿಷ್ಟು ಕಾಳು ಬೂಟಿನ ಪಕ್ಕ ಬಿದ್ದಿತ್ತು. ಅವನು ಬೂಟನ್ನು ಜರುಗಿಸಿ ನಿಂತ, ತುಳಿಯದ ಹಾಗೆ.

“ಹಂಚೋಣ,” ಎಂದ ಪೇಂಟರ್.

“ಅಳೆಯೋರು?”

“ನೀನೇ.”

ಮಗಳು ಹಿತ್ತಲ ನಲ್ಲಿಯಲ್ಲಿ ಡಬ್ಬ ತೊಳೆಯುವಾಗ ಅವನು ಹಿಂದೆ ಹೋಗಿ ನಿಂತ. “ಪುಟ್ಟಿ, ನೀನು ಕೇಳ್ತೀಯಲ್ಲ, ‘ಇದು ಯಾರದು’ ಅಂತ... ಕೇಳುವಾಗ...”

“ಏನಪ್ಪ?”

“ಒಂದನ್ನ ಸ್ವಲ್ಪ...”

“ಕೊಡಮ್ಮ, ಒರೆಸಿ ಕೊಡ್ತೀನಿ,” ಎಂದು ವಾಚ್‌ಮನ್ ಒಳಗಿನಿಂದ ಬಂದು ಡಬ್ಬಕ್ಕೆ ಕೈ ಚಾಚಿದ. ಪೇಂಟರನ ಮಾತು ಅಲ್ಲೇ ಒಣಗಿತು. ಹೇಳುವುದಾದರೂ ಏನನ್ನು? ಕಾಣದವನು ಹೇಳಿದ್ದು ಎಂಬ ಒಂದೇ ನಂಬಿಕೆಯ ಮೇಲೆ ಇಷ್ಟು ವರ್ಷ ಈ ಬೀದಿ ಜಗಳವಿಲ್ಲದೆ ಉಂಡಿದೆ. ಅದು ಸುಳ್ಳೆಂದರೆ ನಾಳೆ ಪ್ರತಿ ಗುಡ್ಡೆಗೂ ಒಂದೊಂದು ಅನುಮಾನ. ಹೇಳದಿದ್ದರೆ, ಗಾಳಿಗೆ ಉರುಳುವ ಆ ಡಬ್ಬಿ.

*

ಹಾಸು ಹಾಸಿದರು. ಮೂಟೆಯ ಹೊಲಿಗೆ ಬಿಚ್ಚುವ ಸದ್ದು, ಅಕ್ಕಿ ಸುರಿಯುವ ಸದ್ದು. ಪೇಂಟರ್ ಗೋಡೆಗೆ ಮುಖ ಮಾಡಿ ಕೂತ.

ಗೋಡೆ ಇವತ್ತು ಹತ್ತಿರ ಬರಲಿಲ್ಲ. ದೋಣಿಗಳಿಲ್ಲ. ತೇವದ ಕಲೆ ನಿಧಾನವಾಗಿ ಮಣ್ಣಿನ ದಿಬ್ಬವಾಯಿತು, ದಿಬ್ಬದ ಆಚೆ ಒಂದು ದಾರಿ, ಆ ದಾರಿಯಲ್ಲಿ ಅವಳು ತಲೆಯ ಮೇಲೆ ಏನೋ ಹೊತ್ತು ಹೋಗುತ್ತಿದ್ದಳು, ತುಂಬ ಸಾವಕಾಶವಾಗಿ, ಕೂಗಿದರೆ ಕೇಳುವಷ್ಟು ದೂರದಲ್ಲಿ. ಅವನು ಕೂಗಲಿಲ್ಲ. ತಿರುಗಿ ನೋಡುತ್ತಾಳೆಂದು ಕಾದ.

“ಇದು ಯಾರದು?”

ಮಗಳ ದನಿ. ಕೌಂಟರಿನ ದನಿ, ಸರಸರ, ಸಪಾಟು, ಮುಂದಿನವರು ಬನ್ನಿ ಎನ್ನುವಂಥದ್ದು. ಅದರಲ್ಲಿ ಎಲ್ಲೂ ಎಳೆತವಿಲ್ಲ.

ಅವನು ಬಾಯಿ ತೆರೆದ. ಏನೂ ಹೊರಡಲಿಲ್ಲ.

“ಅಪ್ಪಾ, ಇದು ಯಾರದು?”

ಬಾಗಿಲಲ್ಲಿ ಯಾರೋ ಕೆಮ್ಮಿದರು. ಮಗುವೊಂದು ಕೇಳಿತು, “ತಾತ ನಿದ್ದೆ ಮಾಡಿಬಿಟ್ರಾ?” ಶ್ ಎಂದು ಅದರ ಬಾಯಿ ಮುಚ್ಚಿದರು.

“ಪುಟ್ಟಿ,” ಎಂದಳು ಪಟಾಕಿ. “ಎಲ್ಲಾ ಗುಡ್ಡೆನೂ ಒಂದೇ ಥರ ಮಾಡಿದೀಯಲ್ಲೇ.”

“ಮತ್ತೆ? ಒಂದೇ ಥರ ತಾನೇ ಇರ್ಬೇಕು?”

“ನಿಮ್ಮಮ್ಮ ಹಾಗೆ ಮಾಡ್ತಿರ್ಲಿಲ್ಲ. ಒಂದು ದಪ್ಪ ಇರ್ತಿತ್ತು.”

“ಏನಂದೆ?” ಎಂದು ಪೇಂಟರ್ ಅರ್ಧ ತಿರುಗಿದ.

“ಗೋಡೆ ಕಡೆ ಇರಿ ಪೇಂಟರಣ್ಣ, ತಿರುಗಬೇಡಿ! ಅಕ್ಕನ ಕಾನೂನು ಇವತ್ತೇ ಮುರೀಬೇಡಿ.” ಪಟಾಕಿಯ ದನಿ ಹತ್ತಿರ ಬಂತು. “ನಮಗೇನು ಕಣ್ಣಿರ್ಲಿಲ್ಲ ಅಂದ್ಕೊಂಡ್ರಾ? ಗೋಡೆ ನೋಡ್ತಿದ್ದೋರು ನೀವೊಬ್ಬರೇ. ನಾವೆಲ್ಲ ಗುಡ್ಡೆ ನೋಡ್ತಿದ್ವಿ.”

ಯಾರೋ ಕಿಸಕ್ಕೆಂದರು. ಆ ದಿನ ಅಳು ಬೆರೆಯದ ಮೊದಲ ನಗು.

“ಅಕ್ಕ ಎಳೆದು ಕೇಳೋರಲ್ಲ, ಇದೂ... ಅಂತ,” ಎಂದ ಕಂಡಕ್ಟರ್, “ನಮ್ಮ ಬಸ್ಸು ಏರು ಹತ್ತೋ ಹಾಗೆ. ಎರಡು ಬೀದಿಗೆ ಕೇಳಿಸ್ತಿತ್ತು ಅಣ್ಣ.”

“ನನ್ನ ಗಾಡೀನ ಮುನಿಸಿಪಾಲ್ಟಿಯವರು ಎತ್ತಿಕೊಂಡು ಹೋದಾಗ ನನಗೆ ಬಂತಲ್ಲ, ದೊಡ್ಡದು,” ಎಂದಳು ಪಟಾಕಿ. “ಅದೃಷ್ಟ ಕಣಮ್ಮ ಅಂದ್ರಿ ನೀವು. ನಾನೂ ಹೌದಣ್ಣ ಅಂದೆ. ಅದೃಷ್ಟಕ್ಕೆ ನಮ್ಮ ಬೀದಿ ದಾರಿ ಗೊತ್ತಾ ಪೇಂಟರಣ್ಣ?”

ಅವನು ಗೋಡೆಯನ್ನೇ ಕೇಳಿದ: “ಯಾರಿಗೂ ಬೇಜಾರಾಗ್ಲಿಲ್ವಾ?”

“ಆಯ್ತಪ್ಪ! ನನಗೆ ಬರದೇ ಇದ್ದಾಗೆಲ್ಲ ಆಯ್ತು. ಬಂದ ತಿಂಗಳು ಹೋಯ್ತು.”

ಈಗ ಎಲ್ಲರೂ ನಕ್ಕರು, ಮಗಳೂ. ನಗು ತಾನಾಗಿ ತಗ್ಗುವ ತನಕ ಪಟಾಕಿ ಕಾದಳು. ಮತ್ತೆ ಮಾತಾಡಿದಾಗ ಅವಳ ದನಿಯಲ್ಲಿ ಕೆಂಡವಿರಲಿಲ್ಲ.

“ಯಾರಿಗೆ ಅನ್ನೋದು ನಮಗೆ ಯಾವತ್ತೂ ಮೊದಲೇ ಗೊತ್ತಿರ್ತಿರ್ಲಿಲ್ಲ. ಅದು ಅಕ್ಕನಿಗೂ ನಿಮಗೂ ಬಿಟ್ಟಿದ್ದು. ನಾವು ಕೇಳಲ್ಲ. ಆದ್ರೆ ಈ ತಿಂಗಳೂ ಒಬ್ಬರಿದಾರೆ, ಅಲ್ವಾ? ಇಲ್ದೇ ಇದ್ರೆ ನೀವು ಹೀಗೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿರ್ತಿರ್ಲಿಲ್ಲ.”

ಪೇಂಟರ್ ಗೋಡೆಗೆ ತಲೆಯಾಡಿಸಿದ.

ಆಮೇಲೆ ಒಂದು ಸದ್ದು. ಒಂದು ಬೊಗಸೆ ಅಕ್ಕಿ ಇನ್ನೊಂದು ಗುಡ್ಡೆಯ ಮೇಲೆ ಇಳಿಯುವ ಸದ್ದು, ದೂರದಲ್ಲಿ ಹನಿ ಶುರುವಾದ ಹಾಗೆ. ಇನ್ನೊಂದು. ಬಳೆಯ ಕೈ ಒಂದು, ಬಗ್ಗುವಾಗ ಮೊಣಕಾಲು ಲಟಕ್ಕೆಂದ ಮುದುಕರ ಕೈ ಒಂದು, ಎಣಿಸಲಾಗದಂತೆ ಒಂದರ ಮೇಲೊಂದು. ಯಾರಿಗೆಂದು ಅವರಿಗೆ ಗೊತ್ತಿಲ್ಲ. ನಡುವೆ ಬೂಟು ಕಿರುಗುಟ್ಟಿತು. ಮುಂದೆ ಬಂತು, ಬಗ್ಗಿತು, ಒಂದು ಬೊಗಸೆ ಸುರಿಯಿತು, ಕಿರುಗುಟ್ಟುತ್ತ ಮೂಲೆಗೆ ಹೋಗಿ ನಿಂತಿತು. ಪೇಂಟರ್ ಕಣ್ಣು ಮುಚ್ಚಿಕೊಂಡ.

“ಈಗ ಕೇಳು ಪುಟ್ಟಿ. ಎಳೆದು ಕೇಳು.”

ಮಗಳು ಉಸಿರೆಳೆದುಕೊಂಡಳು. “ಇದೂ...” ಎಂದಳು. ದನಿ ಒಡೆಯಿತು. ಒಡೆದ ಜಾಗದಲ್ಲಿ ಒಂದು ಕ್ಷಣ ನಿಂತು, “...ಯಾರದು?” ಎಂದು ಮುಗಿಸಿದಳು.

“ವಾಚ್‌ಮನ್ ಮನೆ,” ಎಂದ ಪೇಂಟರ್.

ಹೆಸರು ಕೋಣೆಯಲ್ಲಿ ನಿಂತಿತು. ಅದು ನಿಂತಷ್ಟು ಹೊತ್ತಿನಲ್ಲಿ ಎಲ್ಲರಿಗೂ ಗೇಟು ನೆನಪಾಗಿರಬೇಕು, ಬೆಳಿಗ್ಗೆ ಖಾಲಿಯಿದ್ದ ಗೇಟು, ಕತ್ತು ತಿರುಗಿಸಿದ ಕಂಬ.

“ನನಗಾ?” ವಾಚ್‌ಮನ್ ನಗಲು ನೋಡಿದ. “ನನಗೇನಾಗಿದೆ ಅಣ್ಣ? ಡ್ಯೂಟಿ ಇದೆ, ಸಂಬಳ... ಸಂಬಳ ಬರತ್ತೆ...”

ಅವನ ಮಾತು ತನ್ನಷ್ಟಕ್ಕೇ ತಗ್ಗುತ್ತ ನಿಂತುಹೋಯಿತು. ಆಮೇಲೆ ಪೇಂಟರನಿಗೆ ಅರ್ಥವಾಗದ ಒಂದು ಸದ್ದು ಕೇಳಿಸಿತು. ಕಾಲುಗಳು ಜರುಗುವ ಸದ್ದು. ಒಬ್ಬರದಲ್ಲ, ಎಲ್ಲರದು, ಸರಪರ, ಮೆಲ್ಲಗೆ. ಹೊರಟುಹೋಗುತ್ತಿದ್ದಾರೆಯೇ ಎಂದುಕೊಂಡ. ಆದರೆ ಬಾಗಿಲ ಕಡೆ ಯಾರೂ ಹೋಗಲಿಲ್ಲ. ಕಾಲುಗಳು ನಿಂತವು. ಉಸಿರಿನ ಸದ್ದಷ್ಟೇ ಉಳಿಯಿತು. ತುಂಬ ಹೊತ್ತಾದ ಮೇಲೆ ಬೂಟು ಕಿರುಗುಟ್ಟಿತು. ಮಡಚಿದ ಚೀಲವೊಂದು ಬಿಚ್ಚಿಕೊಂಡಿತು.

ಇಷ್ಟು ವರ್ಷದಲ್ಲಿ ಮೊದಲ ಸಲ, ಗುಡ್ಡೆಗಳು ಇನ್ನೂ ನೆಲದ ಮೇಲಿರುವಾಗಲೇ, ಪೇಂಟರ್ ತಿರುಗಿ ನೋಡಿದ.

ಸಂಜೆಯ ಬೆಳಕು ಹಾಸಿನ ಮೇಲೆ ಬಿದ್ದಿತ್ತು. ಬಿಳಿಯ ಪುಟ್ಟ ಗುಡ್ಡೆಗಳು ಒಂದರ ಪಕ್ಕ ಒಂದು, ಯಾರೂ ನಡೆಯದ ನಾಡಿನ ಹಾಗೆ. ನಡುವೆ ದೊಡ್ಡ ಗುಡ್ಡೆಯ ಮುಂದೆ ಮೊಣಕಾಲೂರಿದ ವಾಚ್‌ಮನ್, ಟೋಪಿ ತೆಗೆದು ಪಕ್ಕಕ್ಕಿಟ್ಟು, ಎರಡೂ ಕೈಯಿಂದ ಅಕ್ಕಿ ತುಂಬಿಕೊಳ್ಳುತ್ತಿದ್ದ. ಅವನನ್ನು ಯಾರೂ ನೋಡುತ್ತಿರಲಿಲ್ಲ. ಪಟಾಕಿ ಮೂಗು ತಾಗುವಷ್ಟು ಹತ್ತಿರ ಗೋಡೆಗೆ ನಿಂತಿದ್ದಳು. ಕಂಡಕ್ಟರ್ ಬಾಗಿಲ ಹಲಗೆಗೆ ಮುಖ ಕೊಟ್ಟಿದ್ದ. ದರ್ಜಿಯ ಹೆಂಡತಿ ಮಗುವಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅದನ್ನೂ ಗೋಡೆಗೇ ತಿರುಗಿಸಿದ್ದಳು. ಮಗಳು ಡಬ್ಬ ಎದೆಗೊತ್ತಿಕೊಂಡು, ಕಣ್ಣು ಮುಚ್ಚಿ, ಮೂಲೆಗೆ ನಿಂತಿದ್ದಳು. ಕೋಣೆಯ ಸುತ್ತ ಬೆನ್ನುಗಳ ಸಾಲು; ಆ ಬೆನ್ನುಗಳ ಕೆಳಗೆ, ಸ್ಮಶಾನದ ಮಣ್ಣು ಇನ್ನೂ ಬಿಡದ ಹಿಮ್ಮಡಿಗಳ ಸಾಲು.